ನಿಂತ ವಿಮಾನದಲ್ಲಿ ಹೊಗೆ ಎದ್ದರೆ ನಮ್ಮ ಅಜ್ಜಿಗೆ ಯಾವ ಮಾತಿನಲ್ಲಿ ಹೇಳುತ್ತೀರಿ?

ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ, ಕರ್ನಾಟಕದ ವಿಮಾನ ನಿಲ್ದಾಣಗಳನ್ನು ನಡೆಸುವವರಿಗೆ, ವಿಮಾನ ಕಂಪನಿಗಳ ಸುರಕ್ಷತಾ ವಿಭಾಗದವರಿಗೆ, ಜೊತೆಗೆ ಅಪ್ಪ ಅಮ್ಮನಿಗೆ ಟಿಕೆಟ್ ಬುಕ್ ಮಾಡಿಕೊಡುವ ಎಲ್ಲ ಮಕ್ಕಳಿಗೆ,

ಮಾನ್ಯರೇ,

ಹನ್ನೆರಡು ವರ್ಷ ಕ್ಯಾಬಿನ್ ಕ್ರೂ ಆಗಿ ದುಡಿದು ಈಗ ಸಾಗರದ ಹತ್ತಿರ ನಮ್ಮೂರಲ್ಲೇ ನೆಲೆ ನಿಂತವಳು ನಾನು. ಕೆಲಸ ಬಿಟ್ಟು ಆರು ವರ್ಷವಾದರೂ ಒಂದು ವಾಸನೆ ಮೂಗಿನಿಂದ ಹೋಗಿಲ್ಲ. ಒಂಚೂರು ಸಿಹಿ ಬೆರೆತ ಹಾಗಿರುವ, ಗಂಟಲ ಹಿಂದೆ ಹೋಗಿ ಅಂಟಿಕೊಳ್ಳುವ ಘಾಟು ಅದು. ವಿಮಾನ ಆಗ ಹಾರುತ್ತಿರಲಿಲ್ಲ. ಓಡುತ್ತಲೂ ಇರಲಿಲ್ಲ. ಉತ್ತರ ಭಾರತದ ಒಂದು ನಿಲ್ದಾಣದಲ್ಲಿ, ಬೇಯಲ್ಲಿ, ಅಂದರೆ ವಿಮಾನ ನಿಲ್ಲಿಸುವ ಜಾಗದಲ್ಲಿ, ಟರ್ಮಿನಲ್‌ನಿಂದ ಬಾಗಿಲವರೆಗೆ ಬರುವ ಏರೋಬ್ರಿಜ್ ಎಂಬ ಸೇತುವೆಗೆ ಮೂತಿ ಹಚ್ಚಿಕೊಂಡು ನಿಂತಿತ್ತು. ಬೋರ್ಡಿಂಗ್ ಮುಕ್ಕಾಲು ಭಾಗ ಮುಗಿದಿತ್ತು. ಹಿಂದಿನ ಬಲಬಾಗಿಲಿಗೆ ಊಟದ ಗಾಡಿ ಬಂದು ನಿಂತಿತ್ತು. ರೆಕ್ಕೆಯ ಕೆಳಗೆ ಇಂಧನ ತುಂಬುತ್ತಿದ್ದರು.

ಆ ದಿನ ಹಿಂದಿನ ಸಾಲುಗಳಲ್ಲಿ ಕಾಶಿಯಾತ್ರೆ ಮುಗಿಸಿಕೊಂಡು ಬೆಂಗಳೂರಿಗೆ ಹೊರಟಿದ್ದ ಗದಗದ ಕಡೆಯ ಹೆಣ್ಣುಮಕ್ಕಳ ಗುಂಪೊಂದಿತ್ತು. ಬಹುಪಾಲು ಎಪ್ಪತ್ತರ ಆಸುಪಾಸಿನವರು. ನಾಲ್ವರು ಕ್ರೂಗಳಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಅವರಲ್ಲೊಬ್ಬ ಅಜ್ಜಿ ನನ್ನ ಸೆರಗು ಜಗ್ಗಿ ಕೇಳಿದರು: “ಯವ್ವಾ, ಏನೋ ಸುಡಾಕತ್ತೈತಲ್ಲ?” ನನ್ನ ಮೂಗಿಗಿಂತ ಮುಂಚೆ ವಾಸನೆ ಹಿಡಿದದ್ದು ಒಲೆಯ ಮುಂದೆ ಅರವತ್ತು ವರ್ಷ ಕೂತ ಆ ಮೂಗು. ತಲೆಯೆತ್ತಿ ನೋಡಿದರೆ ಅವರಿಗಿಂತ ಎರಡು ಸಾಲು ಹಿಂದೆ, ಲಗೇಜ್ ಇಡುವ ಗೂಡಿನ ಸಂದಿಯಿಂದ ಬೂದು ಹೊಗೆ ಎಳೆಎಳೆಯಾಗಿ ಹೊರಬರುತ್ತಿತ್ತು. ಯಾರದೋ ಬ್ಯಾಗಿನಲ್ಲಿದ್ದ ಪವರ್‌ಬ್ಯಾಂಕ್.

ಮುಂದಿನದು ಒಟ್ಟು ಮೂರೂವರೆ ನಿಮಿಷದ ಕೆಲಸ. ನನ್ನ ಸಹೋದ್ಯೋಗಿ ಹೊಗೆಮುಸುಕು ಹಾಕಿಕೊಂಡು ಬೆಂಕಿ ಆರಿಸುವ ಹ್ಯಾಲಾನ್ ಬಾಟಲ್ ಹಿಡಿದು ಬಂದಳು. ಇನ್ನೊಬ್ಬ ಹುಡುಗ ಇಂಟರ್‌ಫೋನ್‌ನಲ್ಲಿ ಕ್ಯಾಪ್ಟನ್‌ಗೆ ಹೇಳಿದ. ಮುಂದಿನ ಬಾಗಿಲಿನಿಂದಲೇ ಎಲ್ಲರನ್ನೂ ಬೇಗ ಇಳಿಸಿ ಎಂದು ಆಜ್ಞೆ ಬಂತು. ಕೂಗು ಶುರುವಾಯಿತು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ. ಮುಂದಿನ ಸಾಲುಗಳವರು ಎದ್ದರು. ಎದ್ದವರು ಗೂಡು ತೆರೆದು ಬ್ಯಾಗ್ ಇಳಿಸತೊಡಗಿದರು. ಅಲ್ಲಿಗೆ ದಾರಿ ಕಟ್ಟಿತು.

ನನ್ನ ಅಜ್ಜಿಯರು ಏಳಲೇ ಇಲ್ಲ. ಹೆದರಿ ಕೂತಿದ್ದರು ಎಂದುಕೊಳ್ಳಬೇಡಿ. ಏನು ಹೇಳುತ್ತಿದ್ದಾರೆ ಎಂಬುದೇ ಅವರಿಗೆ ಗೊತ್ತಾಗಿರಲಿಲ್ಲ. ಕೂತಲ್ಲೇ ಕೂತಿರಿ ಎಂದು ಗದರಿಸುತ್ತಿದ್ದಾರೆ ಅಂದುಕೊಂಡಿದ್ದರಂತೆ, ಆಮೇಲೆ ಹೇಳಿದರು. ಹೊಗೆಯ ವಾಸನೆ ಹಿಡಿದ ಅಜ್ಜಿ ಸೊಂಟದ ಬೆಲ್ಟಿನ ಬಕಲನ್ನು ಹೆಬ್ಬೆರಳಿಂದ ಒತ್ತುತ್ತಲೇ ಇದ್ದರು. ಮೊಮ್ಮಗನ ಕಾರಿನ ಬೆಲ್ಟು ಒತ್ತಿದರೆ ಬಿಡುತ್ತದೆ, ವಿಮಾನದ್ದು ಎತ್ತಿದರೆ ಮಾತ್ರ ಬಿಡುತ್ತದೆ. ಇಂಧನ ತುಂಬುವಾಗ ಬೆಲ್ಟ್ ಹಾಕಿಕೊಳ್ಳಬೇಡಿ ಎಂದು ನಾವು ಅನೌನ್ಸ್ ಮಾಡಿದ್ದೆವು, ಅದೂ ಅವರಿಗೆ ತಿಳಿಯದ ಭಾಷೆಯಲ್ಲಿ. ಅವರ ಮಡಿಲಲ್ಲಿ ತಾಮ್ರದ ಸಣ್ಣ ತಂಬಿಗೆ, ಬಾಯಿಗೆ ಬೆಸುಗೆ ಹಾಕಿದ್ದು. “ಚೀಲ ಬಿಡ್ರಿ ಅಜ್ಜಿ, ಏಳ್ರಿ, ನನ್ನ ಹಿಂದ ಬರ್ರಿ” ಎಂದೆ. ತಂಬಿಗೆಯನ್ನು ಎದೆಗೆ ಅವಚಿಕೊಂಡು “ಇದರಾಗ ಗಂಗಿ ಐತವ್ವಾ, ಹೆಂಗ ಬಿಡ್ಲಿ?” ಎಂದರು. “ಗಂಗೀನ ನಾ ತರ್ತೀನಿ, ನೀವು ನಡೀರಿ” ಎಂದು ಬಕಲ್ ಎತ್ತಿ ಬಿಚ್ಚಿದೆ. ಅವರೆದ್ದ ಮೇಲೆ ಉಳಿದ ಹನ್ನೊಂದು ಜನವೂ ಎದ್ದರು. ತಲೆಯ ಮೇಲಿನ ಅರ್ಧ ಅಡಿ ಗಾಳಿ ಅಷ್ಟರಲ್ಲಿ ಕಪ್ಪಾಗಿತ್ತು. ಬಗ್ಗಿ ನಡೆಯಿರಿ ಎಂದೆ, ಬಗ್ಗಿದರು.

ಯಾರಿಗೂ ಏನೂ ಆಗಲಿಲ್ಲ. ಹ್ಯಾಲಾನ್‌ಗೆ ಬೆಂಕಿಯ ನಾಲಿಗೆ ಅಡಗಿತು, ಆಮೇಲೆ ಬಾಟಲಿಗಟ್ಟಲೆ ಕುಡಿಯುವ ನೀರು ಸುರಿದು ಪವರ್‌ಬ್ಯಾಂಕ್ ತಣ್ಣಗೆ ಮಾಡಿದೆವು. ತಂಬಿಗೆಯನ್ನು ಒಂದು ಗಂಟೆ ಬಿಟ್ಟು ಟರ್ಮಿನಲ್‌ನಲ್ಲಿ ಅವರ ಕೈಗೆ ಕೊಟ್ಟೆ. ಆವತ್ತು ರಾತ್ರಿ ಹೋಟೆಲಿನಲ್ಲಿ ನಿದ್ದೆ ಬರಲಿಲ್ಲ. ನನ್ನ ಡ್ಯೂಟಿ ಬೇರೆ ವಿಮಾನಕ್ಕೆ ಬಿದ್ದಿದ್ದರೆ ಆ ಹನ್ನೆರಡು ಮಂದಿಗೆ ಕನ್ನಡದಲ್ಲಿ ‘ಏಳ್ರಿ’ ಎನ್ನುವವರು ಯಾರಿದ್ದರು? ಈ ಪತ್ರ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ.

ಮಾನ್ಯರೇ, ನಿಂತ ವಿಮಾನವೆಂದರೆ ಎಲ್ಲರಿಗೂ ಒಂದು ನಿರಾಳ. ನೆಲದ ಮೇಲಿದ್ದೇವಲ್ಲ, ಬಾಗಿಲು ತೆರೆದಿದೆಯಲ್ಲ, ಎದ್ದು ಹೋದರಾಯಿತು ಎಂಬ ಭಾವನೆ. ಕ್ಯಾಬಿನ್‌ನಲ್ಲಿ ದುಡಿದವರಿಗೆ ಗೊತ್ತು, ಸಿದ್ಧತೆ ಅತ್ಯಂತ ಕಡಿಮೆ ಇರುವ ಗಳಿಗೆಯೂ ಅದೇ. ಸೇಫ್ಟಿ ಡೆಮೊ ಆಗುವುದು ಬಾಗಿಲು ಮುಚ್ಚಿ ವಿಮಾನ ಹಿಂದೆ ಸರಿಯುವಾಗ. ಅದಕ್ಕೂ ಮುಂಚಿನ ಮೂವತ್ತು ನಲವತ್ತು ನಿಮಿಷ ಪ್ರಯಾಣಿಕನಿಗೆ ಬಾಗಿಲು ಎಲ್ಲಿದೆ ಎಂದು ಯಾರೂ ಹೇಳಿರುವುದಿಲ್ಲ. ಆ ಹೊತ್ತಿನಲ್ಲಿ ಬಾಗಿಲ ಸ್ಲೈಡ್‌ಗಳು, ಅಂದರೆ ಗಾಳಿ ತುಂಬಿಕೊಳ್ಳುವ ಜಾರುಬಂಡೆಗಳು, ಸಾಮಾನ್ಯವಾಗಿ ಡಿಸ್‌ಆರ್ಮ್ ಆಗಿರುತ್ತವೆ, ಬಾಗಿಲು ತೆರೆದರೂ ತಾವಾಗಿ ಬಿಚ್ಚಿಕೊಳ್ಳುವುದಿಲ್ಲ. ತೆರೆದಿರುವ ಹಿಂಬಾಗಿಲಿನಿಂದ ಜನರನ್ನು ಇಳಿಸಬೇಕೆಂದರೆ ಊಟದ ಗಾಡಿ ಸರಿಯಬೇಕು, ಬಾಗಿಲು ಮುಚ್ಚಬೇಕು, ಆರ್ಮ್ ಮಾಡಬೇಕು, ಮತ್ತೆ ತೆರೆಯಬೇಕು. ಕೆಳಗೆ ಲಗೇಜ್ ಟ್ರಾಲಿಯೋ ಬೆಲ್ಟ್ ಲೋಡರ್ರೋ ನಿಂತಿದ್ದರೆ ಸ್ಲೈಡ್ ಸರಿಯಾಗಿ ಬಿಚ್ಚಿಕೊಳ್ಳುವುದೇ ಇಲ್ಲ. ನಡುದಾರಿಯಲ್ಲಿ ಬ್ಯಾಗ್ ಎತ್ತಿ ಇಡುತ್ತಿರುವ ಜನ. ಕ್ರೂಗಳಲ್ಲಿ ಒಬ್ಬರು ವಿಮಾನದ ಅಡುಗೆ ಮೂಲೆಯಲ್ಲಿ (ಗ್ಯಾಲಿ) ಊಟದ ಪೆಟ್ಟಿಗೆ ಎಣಿಸುತ್ತಿರುತ್ತಾರೆ, ಇನ್ನೊಬ್ಬರು ಸೀಟು ಬದಲಿಸಿಕೊಡಿ ಎನ್ನುವವರ ಜೊತೆ ಮಾತಿನಲ್ಲಿರುತ್ತಾರೆ.

44ಕ್ಕಿಂತ ಹೆಚ್ಚು ಸೀಟಿನ ವಿಮಾನವನ್ನು ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಖಾಲಿ ಮಾಡಿ ತೋರಿಸಬೇಕು ಎಂಬುದು ವಿಮಾನ ತಯಾರಕರಿಗಿರುವ ನಿಯಮ. 2006ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ಎ380ರಿಂದ 873 ಜನ 78 ಸೆಕೆಂಡಿನಲ್ಲಿ ಹೊರಬಂದರು. ಅವರು ಏನಾಗಲಿದೆ ಎಂದು ಗೊತ್ತಿದ್ದೇ ಬಂದ ಸ್ವಯಂಸೇವಕರು. ಆ ಲೆಕ್ಕವನ್ನು ಗದಗದ ಅಜ್ಜಿಗೆ ಅನ್ವಯಿಸಿದರೆ, ಆಕೆ ಆ 90 ಸೆಕೆಂಡನ್ನೂ ಬಕಲ್ ಒತ್ತುವುದರಲ್ಲೇ ಕಳೆದಿರುತ್ತಿದ್ದಳು.

ತರಬೇತಿಯ ದಿನಗಳಲ್ಲಿ ನಮಗೆ ಮೊದಲು ಹೇಳಿಕೊಟ್ಟ ಕಥೆ ರಿಯಾದ್‌ನದು. 1980ರ ಆಗಸ್ಟ್ 19. ಕರಾಚಿಯಿಂದ ಬಂದು ರಿಯಾದ್‌ನಿಂದ ಜೆಡ್ಡಾಕ್ಕೆ ಹಾರಿದ ಸೌದಿಯಾ 163ರ ಹಿಂದಿನ ಸರಕು ಕೋಣೆಯಲ್ಲಿ ಹೊಗೆಯ ಎಚ್ಚರಿಕೆ ಬಂತು. ಕ್ಯಾಪ್ಟನ್ ವಿಮಾನ ತಿರುಗಿಸಿ ಸುರಕ್ಷಿತವಾಗಿ ರಿಯಾದ್‌ನಲ್ಲೇ ಇಳಿಸಿದರು. ಕಷ್ಟದ ಕೆಲಸ ಮುಗಿದಿತ್ತು. ನೆಲ ಮುಟ್ಟಿದ ವಿಮಾನ ಥಟ್ಟನೆ ನಿಲ್ಲದೆ 2 ನಿಮಿಷ 40 ಸೆಕೆಂಡು ಓಡಿ ರನ್‌ವೇ ಪಕ್ಕದ ದಾರಿಯಲ್ಲಿ (ಟ್ಯಾಕ್ಸಿವೇ) ನಿಂತಿತು. ನಿಂತ ಮೇಲೂ 3 ನಿಮಿಷ 15 ಸೆಕೆಂಡು ಎಂಜಿನ್ ಬಂದಾಗಲಿಲ್ಲ. ಎಂಜಿನ್ ಓಡುತ್ತಿದ್ದುದರಿಂದ ರಕ್ಷಣಾ ಸಿಬ್ಬಂದಿ ಹತ್ತಿರ ಹೋಗುವಂತಿರಲಿಲ್ಲ. ಬಂದಾದ ಮೇಲೆ ಹೊರಗಿನವರಿಗೆ ಬಾಗಿಲು ತೆರೆಯಲು ಇನ್ನೂ 23 ನಿಮಿಷ ಹಿಡಿಯಿತು. ಒಳಗಿದ್ದ 301 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಒಂದೇ ಒಂದು ಸ್ಲೈಡ್ ಬಿಚ್ಚಿಕೊಂಡಿರಲಿಲ್ಲ. ನೆಲದ ಮೇಲೆ, ಸುತ್ತ ಅಗ್ನಿಶಾಮಕ ಗಾಡಿಗಳು ನಿಂತಿರುವಾಗ, ಇಡೀ ವಿಮಾನದ ಜನ ಹೊಗೆಗೆ ಹೋದರು. ಕೇಳುವಾಗ ನಾವು ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗ ಹುಡುಗಿಯರು, ಕ್ಲಾಸಿನಲ್ಲಿ ಉಸಿರಾಟದ ಸದ್ದೂ ಇರಲಿಲ್ಲ.

ಮ್ಯಾಂಚೆಸ್ಟರ್‌ನದು ಇನ್ನೊಂದು ಪಾಠ. 1985ರ ಆಗಸ್ಟ್ 22ರಂದು ಬ್ರಿಟಿಷ್ ಏರ್‌ಟೂರ್ಸ್‌ನ 737 ವಿಮಾನ ಟೇಕಾಫ್ ಓಟದಲ್ಲಿದ್ದಾಗ ಎಡ ಎಂಜಿನ್ ಸಿಡಿಯಿತು. ಟೈರ್ ಒಡೆದಿರಬೇಕು ಎಂದುಕೊಂಡ ಪೈಲಟ್‌ಗಳು ಓಟ ನಿಲ್ಲಿಸಿ ಪಕ್ಕದ ದಾರಿಗೆ ಹೊರಳಿಸಿದರು. ಗಾಳಿ ಬೆಂಕಿಯನ್ನು ಕ್ಯಾಬಿನ್ ಕಡೆಗೇ ದೂಡಿತು. ರೆಕ್ಕೆಯ ಮೇಲಿನ ತುರ್ತು ಬಾಗಿಲ ಪಕ್ಕ ಕೂತವರಿಗೆ ಅದನ್ನು ತೆರೆಯುವುದೇ ಕಷ್ಟವಾಯಿತು, ತೆರೆದಾಗ ಅಷ್ಟು ಭಾರದ ಬಾಗಿಲು ಒಳಕ್ಕೇ ಬಿತ್ತು. 137 ಜನರಲ್ಲಿ 55 ಮಂದಿ ತೀರಿಕೊಂಡರು, ಹೆಚ್ಚಿನವರು ಹೊಗೆ ಕುಡಿದು. ಇವತ್ತು ವಿಮಾನದ ನೆಲದಲ್ಲಿ ಬಾಗಿಲ ಕಡೆ ದಾರಿ ತೋರುವ ದೀಪದ ಸಾಲು, ಬೇಗ ಬೆಂಕಿ ಹತ್ತದ ಸೀಟಿನ ಹೊದಿಕೆ, ರೆಕ್ಕೆಯ ಬಾಗಿಲ ಹತ್ತಿರ ಅಗಲ ಜಾಗ ಇರುವುದಕ್ಕೆ ಆ ಸಾವುಗಳೂ, ಅದಕ್ಕೆ ಎರಡು ವರ್ಷ ಮುಂಚೆ ಅಮೆರಿಕದ ಸಿನ್ಸಿನಾಟಿಯಲ್ಲಿ ಇಳಿದ ಏರ್ ಕೆನಡಾ 797ರಲ್ಲಿ ಸತ್ತ 23 ಜನರೂ ಕಾರಣ. ಸಿನ್ಸಿನಾಟಿಯಲ್ಲಿ ಬಾಗಿಲು ತೆರೆದು ಒಂದು, ಒಂದೂವರೆ ನಿಮಿಷದಲ್ಲಿ ಒಳಗೆಲ್ಲ ಒಮ್ಮೆಲೇ ಬೆಂಕಿ ಹೊತ್ತಿತು. ಒಳಗೆ ಹೋದ ಹೊಸ ಗಾಳಿಯೇ ಅದಕ್ಕೆ ಉಸಿರು ಕೊಟ್ಟಿತು. ಅಷ್ಟರೊಳಗೆ ಎದ್ದು ನಡೆದವರು ಬದುಕಿದರು.

ಹೊಗೆಯ ಬಗ್ಗೆ ನಮ್ಮ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಒಲೆಯ ಹೊಗೆಯ ಹಾಗೆ ಇದೂ ಕಣ್ಣುರಿಸುತ್ತದೆ, ಕೆಮ್ಮಿಸುತ್ತದೆ, ಅಷ್ಟೆ ಎಂದುಕೊಳ್ಳುತ್ತಾರೆ. ವಿಮಾನದೊಳಗಿನ ಪ್ಲಾಸ್ಟಿಕ್, ಫೋಮ್, ಬಟ್ಟೆ ಸುಟ್ಟರೆ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಸೈನೈಡ್ ಇರುತ್ತದೆ. ನಾಲ್ಕಾರು ಉಸಿರಿಗೇ ಕೈಕಾಲು ಮಾತು ಕೇಳುವುದಿಲ್ಲ. ತಲೆಯ ಮೇಲಿಂದ ಬೀಳುವ ಆಕ್ಸಿಜನ್ ಮಾಸ್ಕ್ ಇದಕ್ಕೆ ಉಪಯೋಗವಿಲ್ಲ, ಅದು ಕ್ಯಾಬಿನ್ ಗಾಳಿಯನ್ನೂ ಬೆರೆಸಿಯೇ ಕೊಡುತ್ತದೆ. ಇನ್ನೊಂದು ಕಡೆ, ಮಳೆಗಾಲದಲ್ಲಿ ಮಂಗಳೂರಿನಲ್ಲಿ ಎಸಿ ಹಾಕಿದ ಕೂಡಲೇ ಸೀಟಿನ ಮೇಲಿನ ಸಂದಿಯಿಂದ ಬೆಳ್ಳಗೆ ಆವಿ ಇಳಿಯುತ್ತದೆ. “ಮೇಡಂ, ಮೇಲಿಂದ ಹೊಗೆ ಬರ್ತಾ ಉಂಟಲ್ಲ!” ಎಂದು ಎಷ್ಟು ಜನ ಗಾಬರಿಯಿಂದ ಕೇಳಿದ್ದಾರೋ. ಅದು ಹಸಿಗಾಳಿ ತಣ್ಣಗಾಗಿ ಆದ ಮಂಜು. ವಾಸನೆ ಇರುವುದಿಲ್ಲ, ಕಣ್ಣು ಉರಿಯುವುದಿಲ್ಲ, ಮೊಣಕಾಲ ಮಟ್ಟಕ್ಕೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. ಕೇಳಿದವರ ಮೇಲೆ ನಾನು ಒಂದು ದಿನವೂ ರೇಗಿಲ್ಲ. ಕೇಳಲಿ. ಹತ್ತು ಸಲ ಮಂಜಿಗೆ ಕೂಗಿದವರೇ ಹನ್ನೊಂದನೇ ಸಲ ನಿಜವಾದ ಹೊಗೆಗೂ ಕೂಗುತ್ತಾರೆ.

ಹಳೆಯ ಕಥೆಗಳೇ ಯಾಕೆ ಎಂದು ನೀವು ಕೇಳಬಹುದು. ಈಚಿನವು ಇನ್ನೂ ಹತ್ತಿರದವು. 2025ರ ಜನವರಿ 28ರ ರಾತ್ರಿ ದಕ್ಷಿಣ ಕೊರಿಯಾದ ಬುಸಾನ್‌ನ ಗಿಮ್‌ಹೇ ನಿಲ್ದಾಣದಲ್ಲಿ ಹಾಂಗ್‌ಕಾಂಗ್‌ಗೆ ಹೊರಡಲು ಸಿದ್ಧವಾಗಿ ನಿಂತಿದ್ದ ಏರ್ ಬುಸಾನ್ ವಿಮಾನದ ಹಿಂಭಾಗದ ಲಗೇಜ್ ಗೂಡಿನಲ್ಲಿ ಬೆಂಕಿ ಕಾಣಿಸಿತು. ಪವರ್‌ಬ್ಯಾಂಕೇ ಕಾರಣವಿರಬೇಕು ಎಂದು ತನಿಖೆ ಹೇಳಿತು. 176 ಜನರೂ ಹೊರಬಂದರು, ವಿಮಾನದ ಚಾವಣಿಯೇ ಸುಟ್ಟುಹೋಯಿತು. ನನ್ನ ಕಣ್ಣಿಗೆ ಬಿದ್ದ ವರದಿಗಳಲ್ಲಿ ಪ್ರಯಾಣಿಕರು ಹೇಳಿದ ಒಂದು ಮಾತು ನನ್ನನ್ನು ಕಾಡಿತು. ಅನೌನ್ಸ್‌ಮೆಂಟ್ ಕೇಳಿಸಲಿಲ್ಲ, ಕೆಲವರು ತಾವೇ ಬಾಗಿಲು ತೆರೆದರು ಎಂದಿದ್ದರು. ಅದೇ ವರ್ಷ ಜುಲೈ 22ರಂದು ಹಾಂಗ್‌ಕಾಂಗ್‌ನಿಂದ ದೆಹಲಿಗೆ ಬಂದ ಏರ್ ಇಂಡಿಯಾ ವಿಮಾನ ಗೇಟ್‌ಗೆ ಬಂದು ನಿಂತು ಪ್ರಯಾಣಿಕರು ಇಳಿಯತೊಡಗಿದಾಗ ಬಾಲದಲ್ಲಿರುವ ಎಪಿಯುಗೆ, ಅಂದರೆ ವಿಮಾನ ನಿಂತಾಗ ಕರೆಂಟು, ಎಸಿ ನಡೆಸುವ ಸಣ್ಣ ಎಂಜಿನ್‌ಗೆ, ಬೆಂಕಿ ಹತ್ತಿತು. ಅದು ತಾನೇ ಬಂದಾಯಿತು, ಎಲ್ಲರೂ ಇಳಿದರು. ಅಕ್ಟೋಬರ್ 19ರಂದು ದೆಹಲಿಯಲ್ಲೇ ದಿಮಾಪುರಕ್ಕೆ ಹೊರಟು ರನ್‌ವೇ ಕಡೆ ಚಲಿಸುತ್ತಿದ್ದ ಇಂಡಿಗೋ ವಿಮಾನದಲ್ಲಿ ಸೀಟಿನ ಹಿಂದಿನ ಜೇಬಿನಲ್ಲಿದ್ದ ಪವರ್‌ಬ್ಯಾಂಕ್ ಉರಿಯಿತು. ಕ್ರೂ ಆರಿಸಿದರು, ವಿಮಾನ ನಿಲ್ಲುವ ಜಾಗಕ್ಕೆ ಮರಳಿತು.

ಅದಾದ ಮೇಲೆ ಪವರ್‌ಬ್ಯಾಂಕನ್ನು ತಲೆಯ ಮೇಲಿನ ಗೂಡಿನಲ್ಲಿ ಇಡಬಾರದು, ವಿಮಾನದೊಳಗೆ ಅದರಿಂದ ಚಾರ್ಜ್ ಮಾಡಬಾರದು ಎಂದು, ಮಹಾನಿರ್ದೇಶಕರೇ, ನಿಮ್ಮ ಕಚೇರಿ ಹೇಳಿತು. ಮನಸಾರೆ ಒಪ್ಪುತ್ತೇನೆ. ಕಣ್ಣೆದುರು ಇದ್ದರೆ ಬಿಸಿಯಾದದ್ದು ಕೂಡಲೇ ಗೊತ್ತಾಗುತ್ತದೆ. ಆದರೆ ಈ ನಿಯಮ ಪ್ರಯಾಣಿಕನಿಗೆ ತಲುಪುವುದು ಯಾವ ಭಾಷೆಯಲ್ಲಿ? ಕಲಬುರಗಿಯಿಂದ ಮಗನನ್ನು ನೋಡಲು ಹೊರಟ ತಂದೆಗೆ ‘ಲಿಥಿಯಂ ಬ್ಯಾಟರಿ’ ಎಂದರೆ ಏನು ತಿಳಿಯುತ್ತದೆ? ‘ಮೊಬೈಲ್ ಚಾರ್ಜ್ ಮಾಡುವ ಡಬ್ಬಿ ಕೈಯಲ್ಲೇ ಇರಲಿ, ಬಿಸಿಯಾದರೆ, ಉಬ್ಬಿದರೆ ಕೂಡಲೇ ಕರೆಯಿರಿ, ಮುಚ್ಚಿಡಬೇಡಿ, ನಿಮಗೆ ಯಾರೂ ಬೈಯುವುದಿಲ್ಲ’ ಎಂದರೆ ತಿಳಿಯುತ್ತದೆ. ಕೊನೆಯ ಮಾತು ಮುಖ್ಯ. ದಂಡ ಹಾಕುತ್ತಾರೆ, ಇಳಿಸಿಬಿಡುತ್ತಾರೆ ಎಂಬ ಹೆದರಿಕೆಗೆ ಬಿಸಿ ಫೋನನ್ನು ಸೀಟಿನ ಸಂದಿಗೆ ತಳ್ಳಿದವರನ್ನು ನಾನು ನೋಡಿದ್ದೇನೆ. ಹಾಗೆ ಸಂದಿಗೆ ಬಿದ್ದ ಫೋನಿದ್ದಾಗ ಸೀಟು ಅಲ್ಲಾಡಿಸಿದರೆ ಅದು ನಜ್ಜುಗುಜ್ಜಾಗಿ ಬೆಂಕಿ ಹತ್ತಬಹುದು.

ಭಾಷೆಯ ಮಾತೆತ್ತಿದರೆ ಅಭಿಮಾನದ ಮಾತು ಎಂದು ಪಕ್ಕಕ್ಕಿಡಬೇಡಿ. ನಾನು ಕೇಳುತ್ತಿರುವುದು ಸ್ವಾಗತದ ಎರಡು ಸಾಲಲ್ಲ. ಕ್ಯಾಪ್ಟನ್ ‘ನಮಸ್ಕಾರ ಬೆಂಗಳೂರು’ ಎಂದರೆ ನಮಗೆ ಖುಷಿಯೇ, ಆದರೆ ಜೀವ ಉಳಿಸುವ ಮಾತು ಬೇರೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಇಳಿಯುವಾಗ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿಯಾಯಿತು. ಆ ಸಣ್ಣ ವಿಮಾನದ ಐವರು ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಉಳಿದರು. ಅನೌನ್ಸ್‌ಮೆಂಟ್ ವ್ಯವಸ್ಥೆ ಕೆಟ್ಟಿತ್ತು, ಕ್ರೂ ಮೆಗಾಫೋನ್ ಹಿಡಿದು ಕೂಗಿದರು. ಎಂಟರಲ್ಲಿ ಮೂರು ಬಾಗಿಲು ಮಾತ್ರ ಬಳಕೆಗೆ ಸಿಕ್ಕವು. ಕಾಕ್‌ಪಿಟ್ ಜೊತೆ ಮಾತಾಡಲಾಗದ ಹಿಂಭಾಗದ ಕ್ರೂ ತನ್ನ ವಿವೇಚನೆಯಿಂದಲೇ ಬಾಗಿಲು ತೆರೆದರು. ಆ ಕೂಗು ಜನರಿಗೆ ಅರ್ಥವಾಯಿತು, ಬ್ಯಾಗ್ ಬಿಟ್ಟು ಬಂದರು. 2016ರ ಆಗಸ್ಟ್‌ನಲ್ಲಿ ತಿರುವನಂತಪುರದಿಂದ ದುಬೈಗೆ ಹೋಗಿ ಇಳಿಯುವಾಗ ಅಪಘಾತಕ್ಕೀಡಾದ ಎಮಿರೇಟ್ಸ್ 521ರ ವಿಡಿಯೋವನ್ನೂ ನೀವು ನೋಡಿರುತ್ತೀರಿ. ಹೊಗೆಯ ನಡುವೆ ಜನ ಗೂಡು ತೆರೆದು ಬ್ಯಾಗ್ ಎಳೆಯುತ್ತಿದ್ದಾರೆ, ಕ್ರೂ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದಾರೆ. 300 ಜನರಲ್ಲಿ 226 ಮಂದಿ ಭಾರತದವರು. ಎಲ್ಲರೂ ಹೊರಬಂದರು, ಬೆಂಕಿ ಆರಿಸಲು ಹೋದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಜೀವ ಕೊಟ್ಟರು. ಬ್ಯಾಗ್ ಹಿಡಿದವರನ್ನೆಲ್ಲ ಸ್ವಾರ್ಥಿಗಳು ಎಂದು ನಾವು ಜರೆದದ್ದೇ ಜರೆದದ್ದು. ನನಗೆ ಹಾಗೆ ಜರೆಯಲು ಬಾಯಿ ಬರುವುದಿಲ್ಲ. ಎರಡು ವರ್ಷದ ದುಡಿಮೆ, ಪಾಸ್‌ಪೋರ್ಟ್, ತಂಗಿಯ ಮದುವೆಗೆ ಕೊಂಡ ಬಂಗಾರ ಆ ಬ್ಯಾಗಿನಲ್ಲಿರುತ್ತದೆ. ಅದನ್ನು ಬಿಡು ಎನ್ನಬೇಕಾದರೆ ಅವನ ತಾಯಿ ಗದರಿಸುವ ಭಾಷೆಯಲ್ಲೇ ಅನ್ನಬೇಕು.

ಹೊರಗೇನು ನಡೆದಿದೆ ಎಂದು ಗೊತ್ತಾಗದೆ ಒಳಗಿನವರು ಹೊರಬಿದ್ದರೆ ಇನ್ನೊಂದು ಅಪಾಯ. 2016ರ ಅಕ್ಟೋಬರ್‌ನಲ್ಲಿ ಷಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ 767ರ ಬಲ ಎಂಜಿನ್ ಸಿಡಿದು ಬೆಂಕಿ ಹತ್ತಿದಾಗ ಜನ ಎಡಗಡೆಯಿಂದ ಇಳಿದರು. ಎಡ ಎಂಜಿನ್ ಇನ್ನೂ ಓಡುತ್ತಿತ್ತು. ಕ್ರೂ ಕಾಕ್‌ಪಿಟ್‌ಗೆ ಇಂಟರ್‌ಫೋನ್‌ನಲ್ಲಿ ಮಾತಾಡಲು ಯತ್ನಿಸಿ ಸೋತರು. ಎಂಜಿನ್ನಿನ ಗಾಳಿಯ ಹೊಡೆತಕ್ಕೆ ಒಬ್ಬ ಪ್ರಯಾಣಿಕರು ಉರುಳಿಬಿದ್ದು ತೀವ್ರವಾಗಿ ಗಾಯಗೊಂಡರು.

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. ಸಣ್ಣ ಊರುಗಳಿಗೂ ವಿಮಾನ ತರುವ ಉಡಾನ್ ಯೋಜನೆ ಬಂದ ಮೇಲೆ ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಬೀದರ್, ಕಲಬುರಗಿಯಿಂದ ಬಸ್ಸಿನ ಜನ ವಿಮಾನ ಹತ್ತಿದರು. 2023ರ ಫೆಬ್ರವರಿಯಲ್ಲಿ ನಮ್ಮ ಶಿವಮೊಗ್ಗದಲ್ಲೂ ನಿಲ್ದಾಣವಾಯಿತು. ಅಡಿಕೆ ತೋಟದಿಂದ ನೇರ ವಿಮಾನ ಹತ್ತುವವರನ್ನು ನೋಡಿದರೆ ನನ್ನ ಕಣ್ಣು ತುಂಬುತ್ತದೆ, ನಿಜವಾಗಿ ಹೇಳುತ್ತಿದ್ದೇನೆ. ಇಂಥ ಊರುಗಳಿಗೆ ಬರುವ ವಿಮಾನಗಳಲ್ಲಿ ಎಟಿಆರ್ ಒಂದು, ಎರಡು ಪಂಖದ್ದು. ಅದರ ಮರ್ಮವೇ ಬೇರೆ. ಹತ್ತುವ ಬಾಗಿಲು ಹಿಂದೆ. ಮುಂದಿನ ಸಾಲಿನವರಿಗೆ ಹತ್ತಿರವಿರುವುದು ಎರಡು ಬದಿಯ ಸಣ್ಣ ತುರ್ತು ಬಾಗಿಲುಗಳು. ಸ್ಲೈಡ್ ಇಲ್ಲವೇ ಇಲ್ಲ, ವಿಮಾನ ತಗ್ಗಾಗಿರುವುದರಿಂದ ಕೂತು ಜಾರಿ ಇಳಿಯಬೇಕು, ಇಲ್ಲವೇ ಹಾರಬೇಕು. ಎಟಿಆರ್‌ನಲ್ಲಿ ಎಪಿಯುವೂ ಇಲ್ಲ. ನಿಂತಾಗ ಎಸಿಗೂ ಕರೆಂಟಿಗೂ ಬಲಗಡೆಯ ಎಂಜಿನ್ ಓಡಿಸಿ ಪಂಖವನ್ನು ಬ್ರೇಕ್ ಹಾಕಿ ಹಿಡಿದಿಡುವ ವ್ಯವಸ್ಥೆ ಇದೆ, ಅದಕ್ಕೆ ‘ಹೋಟೆಲ್ ಮೋಡ್’ ಎನ್ನುತ್ತಾರೆ. ಪಂಖ ತಿರುಗುತ್ತಿಲ್ಲ, ಎಂಜಿನ್ ನಿಂತಿದೆ ಎಂದುಕೊಂಡು ಬಲಬದಿಗೆ ಹಾರಿದವರು ಓಡುತ್ತಿರುವ ಎಂಜಿನ್ ಪಕ್ಕದಲ್ಲೇ ಇಳಿದಿರುತ್ತಾರೆ. ಇದನ್ನು ಮೊದಲ ಸಲ ಹತ್ತಿದ ಸೊರಬದ ರೈತನಿಗೆ ಸೀಟಿನ ಜೇಬಿನ ಕಾರ್ಡು ಹೇಳಿಕೊಡುವುದಿಲ್ಲ.

ವಿಮಾನದಲ್ಲಿ ಬೆಂಕಿ ಎಂದರೆ ಏನೆಂದು ಕರಾವಳಿಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿದ್ದಾಗ 158 ಜನ ಹೋದರು, ಒಡೆದ ವಿಮಾನದ ಬಿರುಕಿನಿಂದ ಹೊರಬಂದ ಎಂಟೇ ಮಂದಿ ಉಳಿದರು. ಅಲ್ಲಿ ಯಾವ ಕೂಗಿಗೂ ಸಮಯವಿರಲಿಲ್ಲ. ನಿಂತ ವಿಮಾನದಲ್ಲಿ ಸಮಯವಿದೆ, ಸ್ವಲ್ಪವಾದರೂ ಇದೆ. ಮಸ್ಕತ್‌ನಲ್ಲಿ 2022ರ ಸೆಪ್ಟೆಂಬರ್ 14ರಂದು ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಎಂಜಿನ್ನಿನಿಂದ ಹೊಗೆ ಬಂದಾಗ ನೂರಾ ನಲವತ್ತಕ್ಕೂ ಹೆಚ್ಚು ಜನ ಸ್ಲೈಡ್‌ನಲ್ಲಿ ಜಾರಿ ಪಾರಾದರು. ಜಪಾನಿನ ನಾಹಾದಲ್ಲಿ 2007ರ ಆಗಸ್ಟ್ 20ರಂದು ನಿಲ್ಲುವ ಜಾಗಕ್ಕೆ ಬಂದು ನಿಂತ ಚೈನಾ ಏರ್‌ಲೈನ್ಸ್ ವಿಮಾನದ ಇಂಧನ ಸೋರಿ ಹೊತ್ತಿಕೊಂಡಾಗ 165 ಜನರೂ ಉಳಿದರು, ಆಮೇಲೆ ವಿಮಾನ ಸಿಡಿದು ಬೂದಿಯಾಯಿತು.

ಹಾಗಾಗಿ ನನ್ನ ಕೋರಿಕೆ ದೊಡ್ಡದೇನಲ್ಲ. ಕರ್ನಾಟಕದಿಂದ ಹೊರಡುವ, ಕರ್ನಾಟಕಕ್ಕೆ ಬರುವ ಪ್ರತಿ ವಿಮಾನದಲ್ಲಿ, ಬೋರ್ಡಿಂಗ್ ನಡೆಯುತ್ತಿರುವಾಗಲೇ, ಬಾಗಿಲು ಮುಚ್ಚುವವರೆಗೆ ಕಾಯದೆ, ಕನ್ನಡದಲ್ಲಿ ಒಂದು ರೆಕಾರ್ಡ್ ಮಾಡಿದ ಸೂಚನೆ ಎರಡು ಮೂರು ಸಲ ಹೋಗಲಿ. ಕ್ರೂಗಳಿಗೆ, ಅವರು ಮಣಿಪುರದವರಾಗಲಿ ಪಂಜಾಬಿನವರಾಗಲಿ, ನಾಲ್ಕು ಆಜ್ಞೆ ಕನ್ನಡದಲ್ಲಿ ಬಾಯಿಪಾಠವಾಗಲಿ. ತಮಿಳುನಾಡಿನ ವಿಮಾನಕ್ಕೆ ತಮಿಳು, ಒಡಿಶಾದ್ದಕ್ಕೆ ಒಡಿಯಾ, ಹಾಗೆಯೇ. ನಾನು ಮೂರು ದಿನದಲ್ಲಿ ಮಲಯಾಳಂನ ಐದು ಆಜ್ಞೆ ಕಲಿತವಳು, ಗಲ್ಫ್ ರೂಟಿನಲ್ಲಿ ಬೇಕಾಗಿತ್ತು. ಕಷ್ಟವಿಲ್ಲ.

ನಿಲ್ದಾಣಗಳವರಿಗೆ ಇನ್ನೊಂದು ಮಾತು. ನೀವು ಮಾಡುವ ಅಣಕು ಕಾರ್ಯಾಚರಣೆಗಳಲ್ಲಿ ರನ್‌ವೇ ಬದಿಯಲ್ಲಿ ಬೆಂಕಿ ಹಚ್ಚಿ ಗಾಡಿ ಓಡಿಸುವುದನ್ನು ನೋಡಿದ್ದೇನೆ. ಒಮ್ಮೆ ಬೇಯಲ್ಲಿ ನಿಂತ ವಿಮಾನದಲ್ಲಿ ಮಾಡಿ ನೋಡಿ, ಊಟದ ಗಾಡಿಯ ಡ್ರೈವರ್, ಇಂಧನದ ಹುಡುಗ, ಲಗೇಜ್ ಲೋಡರ್‌ಗಳು, ಏರೋಬ್ರಿಜ್ ಆಪರೇಟರ್ ಎಲ್ಲರನ್ನೂ ಸೇರಿಸಿಕೊಂಡು. ಒಳಗೆ ಹುಡುಗರ ಬದಲು ವೃದ್ಧಾಶ್ರಮದ ಹತ್ತು ಹಿರಿಯರನ್ನು, ಕೈಯಲ್ಲಿ ಮಗು ಇರುವ ಇಬ್ಬರು ತಾಯಂದಿರನ್ನು ಕೂರಿಸಿ. ಹೊಗೆಯ ಯಂತ್ರ ಬೇಡ, ದೀಪ ಆರಿಸಿದರೆ ಸಾಕು. ಊಟದ ಗಾಡಿಯವನಿಗೆ ‘ಗಾಡಿ ಸರಿಸು’ ಎಂದು ಮೇಲಿನಿಂದ ಯಾರು, ಹೇಗೆ ಹೇಳುತ್ತಾರೆ ಎಂಬುದು ಆ ದಿನ ಗೊತ್ತಾಗುತ್ತದೆ. ನಮ್ಮ ಆ ದಿನದ ಮೂರೂವರೆ ನಿಮಿಷದಲ್ಲಿ ಹಿಂಬಾಗಿಲ ಗಾಡಿಯ ಡ್ರೈವರ್‌ಗೆ ಒಳಗೆ ಹೊಗೆ ಎದ್ದಿದೆ ಎಂದೇ ಗೊತ್ತಿರಲಿಲ್ಲ. ಅವನು ಗಾಡಿಯ ಕ್ಯಾಬಿನ್ನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅವನ ತಪ್ಪಲ್ಲ, ಅವನಿಗೆ ಹೇಳುವ ದಾರಿಯೇ ಇರಲಿಲ್ಲ.

ಮಕ್ಕಳಿಗೆ: ಅಪ್ಪ ಅಮ್ಮನ ಬೋರ್ಡಿಂಗ್ ಪಾಸ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮೇಲೆ ಒಂದು ಫೋನ್ ಮಾಡಿ. ಕೂತ ತಕ್ಷಣ ಹಿಂದೆ ಮುಂದೆ ಎಷ್ಟು ಸಾಲು ದಾಟಿದರೆ ಬಾಗಿಲು ಸಿಗುತ್ತದೆ ಎಂದು ಎಣಿಸಲು ಹೇಳಿ. ದೇವಸ್ಥಾನದ ಮೆಟ್ಟಿಲು ಎಣಿಸುವವರಿಗೆ ಇದು ಸುಲಭ. ಬೆಲ್ಟ್ ಎತ್ತಿ ಬಿಚ್ಚುವುದನ್ನು ಎರಡು ಸಲ ಮಾಡಿ ನೋಡಲಿ. ಮಾತ್ರೆ, ಕನ್ನಡಕ, ಫೋನು ಮೈಮೇಲಿನ ಜೇಬಲ್ಲೇ ಇರಲಿ, ಆಗ ಬ್ಯಾಗ್ ಬಿಟ್ಟು ಏಳುವುದು ಅಷ್ಟು ಕಷ್ಟವಾಗುವುದಿಲ್ಲ.

ನಾನು ಬರೆದಿಟ್ಟಿರುವ ಸೂಚನೆ ಇದು. ಗದಗ, ಸಾಗರ, ಪುತ್ತೂರು, ಕೋಲಾರದ ಹಿರಿಯರಿಗೆ ಓದಿ ಕೇಳಿಸಿ, ತಿಳಿಯದ ಪದ ತೆಗೆದು ತಿದ್ದಿದ್ದೇನೆ:

“ನಮಸ್ಕಾರ. ವಿಮಾನ ನಿಂತಿದ್ದರೂ ಈ ಮಾತು ಕೇಳಿಸಿಕೊಳ್ಳಿ. ನಿಮ್ಮ ಹತ್ತಿರದ ಬಾಗಿಲು ಎಲ್ಲಿದೆ ಎಂದು ಈಗಲೇ ತಿರುಗಿ ನೋಡಿ. ಇಂಧನ ತುಂಬುವಾಗ ಬೆಲ್ಟ್ ಹಾಕಿಕೊಳ್ಳಬೇಡಿ. ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ, ಫೋನು ಬಿಸಿಯಾದರೆ ಕೂಡಲೇ ನಮ್ಮನ್ನು ಕರೆಯಿರಿ. ಇಳಿಯಿರಿ ಎಂದರೆ ಬ್ಯಾಗ್ ಬಿಟ್ಟು ಇಳಿಯಿರಿ. ನಾವು ಹೇಳುವವರೆಗೆ ಬಾಗಿಲು ನೀವು ತೆರೆಯಬೇಡಿ.”

ಕ್ರೂ ಬಾಯಿಪಾಠಕ್ಕೆ ನಾಲ್ಕು: “ಬ್ಯಾಗ್ ಬಿಡಿ. ಬೆಲ್ಟ್ ಎತ್ತಿ ಬಿಚ್ಚಿ. ಬಗ್ಗಿ ನಡೆಯಿರಿ. ಈ ಕಡೆ ಬನ್ನಿ.”

ಮೊದಲ ಸೂಚನೆಯನ್ನು ಗಡಿಯಾರ ಹಿಡಿದು ಓದಿದ್ದೇನೆ, ಅರ್ಧ ನಿಮಿಷ ಹಿಡಿಯುತ್ತದೆ. ನಿಮ್ಮವರು ತಿದ್ದುವುದಿದ್ದರೆ ತಿದ್ದಲಿ. ಧ್ವನಿ ಬೇಕಿದ್ದರೆ ನಾನೇ ಬಂದು ರೆಕಾರ್ಡ್ ಮಾಡಿಕೊಡುತ್ತೇನೆ, ಕ್ರೂ ತರಬೇತಿಗೆ ಕರೆದರೆ ಅದಕ್ಕೂ ಬರುತ್ತೇನೆ. ಸಂಬಳ ಬೇಡ, ಬಸ್ಸಿನ ಖರ್ಚೂ ಬೇಡ. ಮಳೆಗಾಲ ಶುರುವಾಗುವ ಮುಂಚೆ ಒಂದು ನಿಲ್ದಾಣದಲ್ಲಾದರೂ ಇದು ಕೇಳಿಸಲಿ. ಶಿವಮೊಗ್ಗದಿಂದಲೇ ಶುರುವಾದರೆ ನಾನು ಟಿಕೆಟ್ ಕೊಂಡು ಕೂತು ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಾಜಿ ಕ್ಯಾಬಿನ್ ಕ್ರೂ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ